ಗಾಳಿ ಹೊಡೆಯುವ ದಡ

ಹೋದ ಜುಲೈಯಲ್ಲಿ ಕನ್ನಡದ ಗೆಳೆಯರು ನಾಲ್ವರು ವಾಲೈ ಮೀನು ಹಿಡಿಯುವುದನ್ನು ಕಲಿಸಲೇಬೇಕು ಎಂದು ಗಂಟುಬಿದ್ದರು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 100 ಮೈಲಿ, ಮಿಲ್ ಲ್ಯಾಕ್ಸ್ ಸರೋವರ. ಮಧ್ಯಾಹ್ನದ ಮೇಲೆ ಹೊರಡೋಣ ಎಂದೆ, ಕೇಳಲಿಲ್ಲ. ಹತ್ತೂವರೆಗೆ ಬೋಟು ನೀರಿಗಿಳಿದಾಗ ಅಲೆಯಿಲ್ಲ, ಮೋಡವಿಲ್ಲ, ನೀರು ಕನ್ನಡಿಯ ಹಾಗೆ ನಿಂತಿತ್ತು. "ಎಷ್ಟು ಒಳ್ಳೆ ದಿನ ಸಿಕ್ಕಿತು ನೋಡಿ" ಎಂದರು ಒಬ್ಬರು. ವಾಲೈ ಹಿಡಿಯುವವರಿಗೆ ಬೇಸಿಗೆಯಲ್ಲಿ ಅದಕ್ಕಿಂತ ಕೆಟ್ಟ ದಿನ ಇರುವುದಿಲ್ಲ. ಎರಡು ಗಂಟೆಯ ಹೊತ್ತಿಗೆ ಸ್ಪೀಕರಿನಲ್ಲಿ ಹಾಡು, ಫಿಶ್ ಫೈಂಡರಿಗೆ ಬೈಗುಳ, ಕೊನೆಗೆ "ಇಲ್ಲಿ ಮೀನೇ ಇಲ್ಲ" ಎಂಬ ತೀರ್ಪು. ಐದಕ್ಕೆ ಅವರು ತಮ್ಮ ಕಾರು ಹತ್ತಿ ಹೊರಟುಹೋದರು. ಆರೂವರೆಗೆ ನೈಋತ್ಯದಿಂದ ಗಾಳಿ ಎದ್ದಿತು.

ಆ ನಾಲ್ವರಿಗಾಗಿ, ಅವರಂಥ ಇನ್ನೂ ನಾನೂರು ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಂಟು ಹಾಕುವುದು, ರೀಲು ಸುತ್ತುವುದು, ಲೈಸೆನ್ಸು ತೆಗೆಸುವುದು ನನ್ನ ವಿಷಯವಲ್ಲ. ಯಾವ ಗಾಳದ ಅಂಗಡಿಯಲ್ಲಿ ಕೇಳಿದರೂ ಹೇಳಿಕೊಡುತ್ತಾರೆ.

ಕಣ್ಣಿನಿಂದ ಶುರು ಮಾಡಿ. ಮೊದಲ ವಾಲೈ ಕೈಗೆ ಬಂದಾಗ ತೂಕ ನೋಡಬೇಡಿ, ಫೋಟೋಕ್ಕೆ ಹಲ್ಲು ಕಿರಿಯಬೇಡಿ, ಅದರ ಕಣ್ಣು ನೋಡಿ. ಹಾಲುಬಿಳುಪಿನ ದೊಡ್ಡ ಗೋಲಿ. ಮುಸ್ಸಂಜೆಯಲ್ಲಿ ಟಾರ್ಚು ಬಿಟ್ಟರೆ ಕೊಟ್ಟಿಗೆಯ ಕತ್ತಲಲ್ಲಿ ದನದ ಕಣ್ಣು ಹೊಳೆದಂತೆ ಹೊಳೆಯುತ್ತದೆ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ವಾಪಸು ಎಸೆಯುವ ಒಂದು ಪದರವಿದೆ. ಒಳಗೆ ಬಂದ ಚೂರು ಬೆಳಕೂ ಹಾಗೆ ಎರಡು ಸಲ ಕೆಲಸಕ್ಕೆ ಬರುತ್ತದೆ. ಅದು ತಿನ್ನುವ ಹಳದಿ ಪರ್ಚ್ ಮೀನಿಗೆ ಈ ಪದರವಿಲ್ಲ. ಬೆಳಕು ಕುಂದಿದಾಗ ಪರ್ಚ್ ತಡವರಿಸುತ್ತದೆ, ವಾಲೈಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಹೊತ್ತೇ ಅದರ ಊಟದ ಹೊತ್ತು. ವಾಲೈ ಎಲ್ಲಿದೆ ಎಂದು ಕೇಳುವ ಮೊದಲು, ಈಗ ಯಾವ ನೀರಿನಲ್ಲಿ ಬೆಳಕು ಕಡಿಮೆ ಎಂದು ಕೇಳಿಕೊಳ್ಳಿ.

ಮುಂಜಾವು, ಮುಸ್ಸಂಜೆ, ಮೋಡದ ದಿನ ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಆದರೆ ಹಾಡಹಗಲಲ್ಲೇ ನೀರಿನೊಳಗೆ ಮುಸ್ಸಂಜೆ ತರುವುದು ಗಾಳಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ಪರದೆಯಿಂದ ತಲೆ ಎತ್ತುವುದಿಲ್ಲ.

ನೀರಿನ ಮೇಲ್ಮೈ ನಯವಾಗಿದ್ದರೆ ಬಿಸಿಲು ನೇರ ಕೆಳಗಿಳಿಯುತ್ತದೆ. ಅಲೆ ಎದ್ದ ಕೂಡಲೇ ಆ ಬೆಳಕು ಒಡೆದು ಚೂರಾಗುತ್ತದೆ. ಒಂದೇ ದಿಕ್ಕಿನ ಗಾಳಿ ಒಂದೆರಡು ದಿನ ಬೀಸಿತೆನ್ನಿ, ಮೇಲಿನ ಬೆಚ್ಚನೆಯ ನೀರು ಗಾಳಿ ಹೋಗಿ ಬಡಿಯುವ ದಡಕ್ಕೆ ಸರಿದು ಸೇರುತ್ತದೆ. ಅದರ ಜೊತೆ ತೇಲುಜೀವಿಗಳೂ ಸೇರುತ್ತವೆ, ಅವನ್ನು ತಿನ್ನಲು ಮರಿಮೀನು ಬರುತ್ತದೆ, ಮರಿಮೀನಿನ ಹಿಂದೆ ಪರ್ಚ್. ಅಲೆ ದಡದ ಮಣ್ಣನ್ನು ಕಲಕಿ ನೀರನ್ನು ಇನ್ನಷ್ಟು ಮಬ್ಬು ಮಾಡುತ್ತದೆ. ಬಡಿಸಿಟ್ಟ ಎಲೆಗೆ ವಾಲೈ ಬಾರದೆ ಹೋಗುತ್ತದೆಯೇ? ನಡುಹಗಲಲ್ಲಿ, ಎಂಟು ಅಡಿ ನೀರಿನ ಕಲ್ಲುಗುಪ್ಪೆಯ ಮೇಲೆ, ಹೊಟ್ಟೆಬಾಕ ವಾಲೈಗಳನ್ನು ನಾನು ಹಿಡಿದಿದ್ದೇನೆ. ಅದೇ ಹೊತ್ತಿನಲ್ಲಿ ಎದುರು ದಡದ ನೆಮ್ಮದಿಯ ನೀರಿನಲ್ಲಿ ನಲವತ್ತು ಬೋಟುಗಳು ಸುಮ್ಮನೆ ತೇಲುತ್ತಿದ್ದವು.

ಮಿಲ್ ಲ್ಯಾಕ್ಸ್‌ನಲ್ಲಿ ಈ ಮಾತಿಗೆ ಇಮ್ಮಡಿ ಬೆಲೆ. 500 ಚದರ ಕಿಲೋಮೀಟರಿಗೂ ಮಿಕ್ಕ ಹರವು, ಅತಿ ಆಳದಲ್ಲೂ 42 ಅಡಿ, ಅಷ್ಟೆ. ಅಗಲವಾದ ತಟ್ಟೆಯಲ್ಲಿ ನೀರು ಹಾಕಿಟ್ಟ ಹಾಗೆ. ಗಾಳಿ ಇದನ್ನು ತಳದವರೆಗೂ ಕಲಕಬಲ್ಲದು. ಆಳದ ಸರೋವರಗಳಲ್ಲಿ ಬೇಸಿಗೆಯಲ್ಲಿ ಮೇಲೆ ಬಿಸಿನೀರು, ಕೆಳಗೆ ತಣ್ಣೀರು ಎಂದು ಪದರವಾಗಿ, ಎಷ್ಟೋ ಕಡೆ ಕೆಳಗಿನ ನೀರಿನಲ್ಲಿ ಉಸಿರಾಡಲು ಆಮ್ಲಜನಕವೇ ಉಳಿಯುವುದಿಲ್ಲ. ಇಲ್ಲಿ ಅಂಥ ಪದರ ಗಟ್ಟಿಯಾಗಿ ನಿಲ್ಲದ ಕಾರಣ ಮೀನು ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ ಹೊಸಬರು ದಿಕ್ಕೆಡುತ್ತಾರೆ. ಜೊತೆಗೆ, 2005ರಲ್ಲಿ ಜೀಬ್ರಾ ಮಸಲ್ ಎಂಬ ಪರದೇಶಿ ಚಿಪ್ಪು ಇಲ್ಲಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿತು. ನೋಡುವವರಿಗೆ ಚೆಂದ, ಬೆಳಕಿಗೆ ಅಳುಕುವ ಕಣ್ಣಿಗೆ ಕಷ್ಟ. ನೀರು ತಿಳಿಯಾದಷ್ಟೂ ಗಾಳಿಯ ಬೆಲೆ ಏರಿತು.

ನನಗೆ ಇದನ್ನು ಕಲಿಸಿದವರು ನಮ್ಮ ಬೀದಿಯ ಒಬ್ಬ ವೃದ್ಧರು, ಕೆಲಸ ಬಿಟ್ಟ ಬಡಗಿ. ಆಗ ನಾನು ಈ ದೇಶಕ್ಕೆ ಬಂದು ಮೂರು ವರ್ಷ. ಗ್ಯಾರಿಸನ್ ಊರಿನ ದಡದಲ್ಲಿ, ದೊಡ್ಡ ವಾಲೈ ಪ್ರತಿಮೆಯ ಹತ್ತಿರ ಟ್ರಕ್ಕು ನಿಲ್ಲಿಸಿ ಇಳಿದರು. ಅದು ಪಶ್ಚಿಮದ ದಡ, ಗಾಳಿಯೂ ಪಶ್ಚಿಮದ್ದೇ, ಎದುರಿನ ನೀರು ಸದ್ದಿಲ್ಲದೆ ಮಲಗಿತ್ತು. ಒಂದು ನಿಮಿಷ ಕೆನ್ನೆಯನ್ನು ಗಾಳಿಗೊಡ್ಡಿ ನಿಂತರು, ಮಾತಾಡಲಿಲ್ಲ. ಮತ್ತೆ ಟ್ರಕ್ಕು ಹತ್ತಿ ಅರ್ಧ ಸರೋವರ ಸುತ್ತಿ ಪೂರ್ವದ ದಡಕ್ಕೆ ಬಂದರು. ಅಲ್ಲಿ ಅಲೆಗಳು ಕಂದು ಬಣ್ಣಕ್ಕೆ ತಿರುಗಿ ಕಲ್ಲಿಗೆ ಹೊಡೆಯುತ್ತಿದ್ದವು. ಬೋಟು ಇಳಿಸುವುದೇ ಸಾಹಸವಾಯಿತು.

ಲಂಗರು ಹಾಕಿ, ದಾರದ ಮೇಲೆ ಜಾರಿ ಗಂಟಿನ ಬಳಿ ನಿಲ್ಲುವ ಬೆಂಡು ಕಟ್ಟಿ, ಗಾಳಕ್ಕೆ ಒಂದು ಇಂಬಳ ಚುಚ್ಚಿ, ತಳದಿಂದ ಒಂದಡಿ ಮೇಲೆ ನಿಲ್ಲುವಂತೆ ಬಿಟ್ಟರು. ಮಲೆನಾಡಿನಲ್ಲಿ, ಸಾಗರದ ಕಡೆ ಹುಟ್ಟಿದವನು ನಾನು. ಮಳೆಗಾಲದುದ್ದಕ್ಕೂ ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಸುಣ್ಣ ಹಚ್ಚಿ ಬೆಳೆದವನು. ಇಲ್ಲಿ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಇದು ರಕ್ತ ಹೀರಲು ಬರುವ ಜಾತಿಯಲ್ಲ, ನೀರಿನಲ್ಲಿ ರಿಬ್ಬನ್ನಿನ ಹಾಗೆ ಬಳುಕಿ ಈಜುತ್ತದೆ.

ನಮ್ಮೂರ ಹೊಳೆಯಲ್ಲಿ ಮೀನು ಕಚ್ಚಿದರೆ ಬೆಂಡು ಗಬಕ್ಕನೆ ಮುಳುಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಅಲೆಯ ಜೊತೆ ಏರಿ ಇಳಿಯುತ್ತಿದ್ದ ಕಿತ್ತಳೆ ಬಣ್ಣದ ಬೆಂಡು ಒಂದು ಅಲೆಯಲ್ಲಿ ಏಳಲಿಲ್ಲ. ಸ್ವಲ್ಪ ವಾಲಿ, ನಿಧಾನವಾಗಿ, ನೀರಿನೊಳಗೆ ಹೋಗುತ್ತಲೇ ಕಾಣುತ್ತಿತ್ತು. ಕಿತ್ತಳೆ, ಆಮೇಲೆ ಕಂದು, ಆಮೇಲೆ ಏನೂ ಇಲ್ಲ. ಕಡ್ಡಿ ಎತ್ತಿದಾಗ ಹೊಳೆಯಲ್ಲಿ ನೆನೆದ ಕಂಬಳಿ ಸಿಕ್ಕಿದಂಥ ಭಾರ, ಅದಕ್ಕೆ ಜೀವ ಬಂದು ಎರಡು ಸಲ ತಲೆ ಒದರಿತು. ಆ ದಿನದಿಂದ ನಾನು ಬೇರೆಯೇ ಮನುಷ್ಯ.

ವಾಲೈ ಬಾಸ್ ಮೀನಿನಂತೆ ನೀರಿನಿಂದ ನೆಗೆದು ಕುಣಿಯುವುದಿಲ್ಲ. ಟೀವಿ ಪಂದ್ಯಗಳನ್ನು ನೋಡಿ ಬಂದವರಿಗೆ ಅದಕ್ಕೇ ಇದು ಸಪ್ಪೆ. ಬಣ್ಣದ ವೇಷದ ಅಬ್ಬರಕ್ಕೆ ಮಾತ್ರ ಎಚ್ಚರಾಗಿ, ಭಾಗವತರ ಪದಕ್ಕೆ ನಿದ್ದೆ ಮಾಡುವ ಪ್ರೇಕ್ಷಕರು ಯಕ್ಷಗಾನದ ಆಟದಲ್ಲೂ ಇರುತ್ತಾರಲ್ಲ, ಅವರೇ ಇವರು. ಈಗ ಇನ್ನೊಂದು ಪೀಡೆ ಬಂದಿದೆ: ಬೋಟಿನ ಮುಂದೆ ಈಜುವ ಮೀನನ್ನು ಸಿನಿಮಾದಂತೆ ತೋರಿಸುವ ಸೋನಾರ್. ಒಂದೊಂದೇ ಮೀನಿನ ಮೂಗಿಗೆ ಗಾಳ ಇಳಿಬಿಡುತ್ತಾರೆ. ಅವರಿಗೆ ಮೀನು ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ, ಸಿಗುತ್ತದೆ. ಆದರೆ ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ಕೇಳಿದರೆ ಫೋನು ತೆಗೆಯುತ್ತಾರೆ.

ಗಾಳಿಯೇ ಇಲ್ಲದಿದ್ದರೆ? ಸರೋವರದ ಉತ್ತರಾರ್ಧದ ಕೆಸರುದಿಬ್ಬಗಳಿಗೆ ಹೋಗಿ. ಮೂವತ್ತು ಅಡಿ ನೀರಿನಿಂದ ಇಪ್ಪತ್ತರ ಆಸುಪಾಸಿಗೆ ಏರುವ ಮೆತ್ತನೆಯ ದಿಬ್ಬಗಳು, ಅಂಚಿಗೆ ಅಂಟಿಕೊಂಡು ನಿಧಾನವಾಗಿ ಸಾಗಿ. ಬೇಸಿಗೆಯ ಮೊದಲರ್ಧದಲ್ಲಿ ಮೇಫ್ಲೈ ಹುಳುಗಳು ಈ ಕೆಸರಿನಿಂದಲೇ ಏಳುತ್ತವೆ. ಬೆಳಿಗ್ಗೆ ಬೋಟಿನ ಪಕ್ಕದಲ್ಲಿ ಅವುಗಳ ಕಳಚಿದ ಪೊರೆ ಭತ್ತದ ಹೊಟ್ಟಿನಂತೆ ತೇಲುತ್ತಿದ್ದರೆ, ವಾಲೈ ಹೊಟ್ಟೆ ತುಂಬಿದೆ ಎಂದು ತಿಳಿಯಿರಿ. ಆಗ ದೊಡ್ಡ ಎರೆ ಬೇಡ, ಸಣ್ಣ ಗಾಳಕ್ಕೆ ಅರ್ಧ ಎರೆಹುಳು ಸಾಕು.

ಅಲೆ ಎಂದೆನಲ್ಲ, ಬಿರುಗಾಳಿ ಎನ್ನಲಿಲ್ಲ. ಆಳವಿಲ್ಲದ ಹರವಿನಲ್ಲಿ ಅಲೆ ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತದೆ. ನೀರಿಡೀ ಬಿಳಿ ನೊರೆ ಕಂಡರೆ ದಡಕ್ಕೆ ಬನ್ನಿ. ಲೈಫ್ ಜಾಕೆಟ್ ಕಾಲಡಿಯಲ್ಲಲ್ಲ, ಮೈಮೇಲಿರಲಿ.

ಎಷ್ಟು ಮೀನು ಇಟ್ಟುಕೊಳ್ಳಬಹುದು ಎನ್ನುವ ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ್ದನ್ನು ಓದಿಕೊಳ್ಳಿ. ಬೋಟಿಳಿಸುವ ಕಟ್ಟೆಯಲ್ಲಿ, ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ಬಲೆಗಳ ಮೇಲೆ ಗೊಣಗುವವರು ಸಿಗುತ್ತಾರೆ. ಅವರೊಡನೆ ದನಿಗೂಡಿಸಬೇಡಿ. ಇಲ್ಲಿ ಮೀನು ಹಿಡಿಯುವ ಹಕ್ಕನ್ನು ಓಜಿಬ್ವೆಗಳು 1837ರ ಒಪ್ಪಂದದಲ್ಲೇ ಉಳಿಸಿಕೊಂಡಿದ್ದರು, 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಇನ್ನು, ನೀರು ಬಿಸಿಯಾದ ದಿನಗಳಲ್ಲಿ ಹಿಡಿದು ಬಿಟ್ಟ ಮೀನು ಸಾಯುವುದು ಹೆಚ್ಚು. ಗಾಳ ನುಂಗಿದ್ದರೆ ಎಳೆದಾಡಬೇಡಿ, ದಾರ ಕತ್ತರಿಸಿ ಕೂಡಲೇ ನೀರಿಗೆ ಬಿಡಿ. ಮನೆಗೆ ತಂದದ್ದನ್ನು ರವೆ ಹಚ್ಚಿ ತವಾದಲ್ಲಿ ಹುರಿಯಿರಿ. ಬಿಳಿ ಮಾಂಸ, ಮಸಾಲೆ ಹೆಚ್ಚಾದರೆ ರುಚಿ ಮುಚ್ಚಿಹೋಗುತ್ತದೆ.

ಆ ನಾಲ್ವರಲ್ಲಿ ಒಬ್ಬರು ಮೊನ್ನೆ ಫೋನ್ ಮಾಡಿದ್ದರು. "ಶನಿವಾರ ಹೋಗೋಣ್ವಾ ಸಾರ್? ವಾಯವ್ಯದಿಂದ ಗಾಳಿ ಅಂತೆ, ಎರಡು ದಿನ ಬಿಟ್ಟೂಬಿಡದೆ." ಆಗ್ನೇಯದಲ್ಲಿ ಐಲ್ ಊರಿನ ಕಡೆ ಬನ್ನಿ, ಸಂಜೆ ಐದಕ್ಕೆ, ಸ್ಪೀಕರು ಮನೆಯಲ್ಲಿರಲಿ ಎಂದೆ.