‘ಚೋಮನ ದುಡಿ’ಯೂ ಅಂಗಡಿಯೆಂಬ ಮಾತೂ

ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಅಸ್ಪೃಶ್ಯನೊಬ್ಬನ ದುರಂತಕಥೆಯೆಂದು ಪ್ರಸಿದ್ಧವಾಗಿರುವುದು. ಆ ದುರಂತದ ಕಾರಣವನ್ನು ಹೇಳುವಾಗ ‘ಸಮಾಜ’, ‘ರೂಢಿ’ ಎಂಬ ವಿಶಾಲವಾದ ಪದಗಳಲ್ಲಿಯೇ ನಿಂತುಬಿಡುವುದು ಸುಲಭ. ಆದರೆ ಕೃತಿಯೊಳಗೆ ಚೋಮನಿಗೆ ಗದ್ದೆಯನ್ನು ನಿರಾಕರಿಸುವುದು ಸರ್ಕಾರವಲ್ಲ, ಶಾಸನವೂ ಅಲ್ಲ. ತನ್ನ ಭೂಮಿಯನ್ನು ತನಗೆ ಬೇಕಾದವರಿಗೆ ಗೇಣಿಗೆ ಕೊಡಬಲ್ಲ ಒಬ್ಬ ಒಡೆಯ. ಈ ಸಂಗತಿಯನ್ನು ಮುಂದಿಟ್ಟುಕೊಂಡು ಓದಿದರೆ, ಇಂದಿಗೂ ತೀರದ ಒಂದು ವಾದಕ್ಕೆ ಕಾದಂಬರಿಯು ಸಾಕ್ಷ್ಯವಾಗುವುದು. ಭೇದವನ್ನು ನಿಷೇಧಿಸುವ ಶಾಸನವು ಸರ್ಕಾರವನ್ನು ಮಾತ್ರ ಕಟ್ಟಬೇಕೆ, ಖಾಸಗಿ ವ್ಯವಹಾರವನ್ನೂ ಕಟ್ಟಬೇಕೆ ಎಂಬುದೇ ಆ ವಾದ.

ಪೂರ್ವಪಕ್ಷವು ದುರ್ಬಲವಾದುದಲ್ಲ. ಸೊತ್ತು ಯಾರದೋ ಅದರ ವಿನಿಯೋಗವೂ ಅವರದು. ಒಪ್ಪಂದವೆಂದರೆ ಉಭಯತರ ಇಚ್ಛೆ. ಬಲಾತ್ಕಾರದಿಂದ ಮಾಡಿಸಿದ ವ್ಯವಹಾರದಲ್ಲಿ ಸೌಹಾರ್ದವು ಹುಟ್ಟದು. ಭೇದವೆಣಿಸುವ ವ್ಯಾಪಾರಿಯು ಗಿರಾಕಿಗಳನ್ನು ಕಳೆದುಕೊಂಡು ತಾನೇ ಪಾಠ ಕಲಿಯುವನು. ಹೀಗೆಂದು ವಾದಿಸುವವರೆಲ್ಲರೂ ಜಾತಿಯ ಪಕ್ಷಪಾತಿಗಳೆಂದು ತಿಳಿಯುವುದು ನ್ಯಾಯವಲ್ಲ.

ಭಾರತದ ಸಂವಿಧಾನವು ಈ ವಾದವನ್ನು ಒಪ್ಪಲಿಲ್ಲ. ಅದರ ಹದಿನೈದನೆಯ ಅನುಚ್ಛೇದದ ಎರಡನೆಯ ಖಂಡವು ಅಂಗಡಿ, ಉಪಾಹಾರಗೃಹ, ಹೋಟೆಲು, ವಿನೋದಸ್ಥಾನಗಳ ಪ್ರವೇಶದಲ್ಲಿ ಧರ್ಮ, ಜಾತಿ, ಲಿಂಗಾದಿ ಭೇದವನ್ನು ನಿಷೇಧಿಸುವುದು. ಬಾವಿ, ಕೆರೆ, ರಸ್ತೆಗಳ ಮಾತು ಬಂದಾಗ, ಅವು ಸರ್ಕಾರದ ಹಣದಿಂದ ನಡೆಯುವಂಥವು ಇಲ್ಲವೆ ಸಾರ್ವಜನಿಕರಿಗೆ ಸಮರ್ಪಿತವಾದಂಥವು ಆಗಿರಬೇಕೆಂಬ ನಿಬಂಧನೆಯುಂಟು. ಅಂಗಡಿಗೆ ಅಂತಹ ನಿಬಂಧನೆಯಿಲ್ಲ. ೧೯೪೮ರ ನವೆಂಬರ್ ೨೯ರಂದು ಸಂವಿಧಾನಸಭೆಯಲ್ಲಿ ಈ ಪದದ ವ್ಯಾಪ್ತಿಯ ಪ್ರಶ್ನೆಯೆದ್ದಾಗ ಡಾ. ಅಂಬೇಡ್ಕರರು ಅದನ್ನು ಸಂಕುಚಿತಾರ್ಥದಲ್ಲಿ ತಿಳಿಯಬಾರದೆಂದೂ, ಕೇಳಿಬಂದವರಿಗೆ ತನ್ನ ಸೇವೆಯನ್ನು ಒದಗಿಸಲು ಸಿದ್ಧನಾಗಿ ಕುಳಿತವನ ಸ್ಥಾನವೆಲ್ಲ ಅದರಲ್ಲಿ ಸೇರುವುದೆಂದೂ ವಿವರಿಸಿದರು. ವೈದ್ಯ, ವಕೀಲರೂ ಅದರಿಂದ ಹೊರಗುಳಿಯಲಿಲ್ಲ. ಅಂಗಡಿಯೆಂಬ ದೇಶ್ಯಪದಕ್ಕೆ ಈ ಅರ್ಥವು ಹೊರೆಯಾಗದು. ಹಳೆಯ ತಮಿಳಿನಲ್ಲಿ ಇದರ ಜ್ಞಾತಿಪದವು ಸಂತೆಯನ್ನೇ, ಎಂದರೆ ನಾಲ್ಕು ಜನ ಕೂಡುವ ಎಡೆಯನ್ನೇ, ಸೂಚಿಸುತ್ತಿದ್ದಿತು. ಬಾಗಿಲನ್ನು ಊರಿಗೆಲ್ಲ ತೆರೆದವನು ಒಬ್ಬನ ಮುಖವನ್ನು ನೋಡಿ ಮುಚ್ಚಲಾಗದೆಂಬುದೇ ಇಲ್ಲಿನ ತತ್ತ್ವ.

ಈ ತತ್ತ್ವವು ಏಕೆ ಅವಶ್ಯಕವೆಂಬುದನ್ನು ಸಂಕಪ್ಪಯ್ಯನ ಪಾತ್ರವು ತೋರಿಸುವುದು. ಕಾರಂತರು ಅವನನ್ನು ಕ್ರೂರಿಯನ್ನಾಗಿ ಚಿತ್ರಿಸಿಲ್ಲ. ಚೋಮನ ಬಯಕೆಗೆ ಅವನ ಮನಸ್ಸು ಕರಗಬಲ್ಲುದು. ಆದರೆ ಮನೆಯ ಹಿರಿಯಳ ವಿರೋಧವನ್ನೂ ಸಂಪ್ರದಾಯದ ಭಯವನ್ನೂ ದಾಟುವ ಧೈರ್ಯ ಅವನಿಗಿಲ್ಲ. ಅವನ ನಿರಾಕರಣವು ಸ್ವತಂತ್ರವಾದ ಇಚ್ಛೆಯೆಂದು ಹೇಳುವುದಾದರೂ ಹೇಗೆ? ಕಾನೂನಿನ ಕಟ್ಟು ಇದ್ದಿದ್ದರೆ ಅದು ಚೋಮನಿಗೆ ಹಕ್ಕಾಗುವುದರ ಜೊತೆಗೆ ಸಂಕಪ್ಪಯ್ಯನಿಗೊಂದು ನೆವವೂ ಆಗುತ್ತಿದ್ದಿತು. ಒಡೆಯನ ಸ್ವಾತಂತ್ರ್ಯವನ್ನು ಶಾಸನವು ಕಸಿಯುವುದೆಂಬ ಪೂರ್ವಪಕ್ಷಕ್ಕೆ ಇದಕ್ಕಿಂತ ಬಲವಾದ ಉತ್ತರವಿಲ್ಲ. ವ್ಯಾಪಾರಿಯು ತಾನೇ ಪಾಠ ಕಲಿಯುವನೆಂಬ ಮಾತೂ ಇಲ್ಲಿ ನಿಲ್ಲದು: ಊರ ಒಡೆಯರೆಲ್ಲರೂ ಒಂದೇ ರೀತಿ ನಡೆದುಕೊಳ್ಳುವಲ್ಲಿ ಯಾರಿಗೂ ನಷ್ಟವಿಲ್ಲ, ನಷ್ಟವೆಲ್ಲವೂ ಚೋಮನದು. ಎತ್ತುಗಳಿದ್ದೂ ಉಳಲು ನೆಲವಿಲ್ಲದ ಅವನ ಸ್ಥಿತಿಯೇ ಅದರ ಲೆಕ್ಕ.

ಹಾಗೆಂದು ಶಾಸನಕ್ಕೆ ಎಲ್ಲೆಯೇ ಇಲ್ಲವೆನ್ನಲಾಗದು. ಮನೆಯ ಊಟದ ಪಂಕ್ತಿಗೆ, ಸ್ನೇಹಕ್ಕೆ, ವಿವಾಹಕ್ಕೆ ಯಾರನ್ನು ಕರೆಯಬೇಕೆಂಬುದು ಅಂಗಡಿಯ ಮಾತಲ್ಲ. ಕಷ್ಟವಿರುವುದು ನಡುವಣ ಪ್ರದೇಶದಲ್ಲಿ. ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರಸಂಘವು ಸದಸ್ಯತ್ವವನ್ನು ತನ್ನ ಸಮುದಾಯಕ್ಕೇ ಮೀಸಲಿಟ್ಟ ನಿಯಮವನ್ನು ಎತ್ತಿಹಿಡಿಯಿತು. ೨೦೧೧ರಲ್ಲಿ ಅದೇ ನ್ಯಾಯಾಲಯವು, ಅಂಬೇಡ್ಕರರ ವಿವರಣೆಯನ್ನು ಆಧರಿಸಿ, ಖಾಸಗಿ ವಿದ್ಯಾಸಂಸ್ಥೆಯೂ ‘ಅಂಗಡಿ’ಯ ವ್ಯಾಪ್ತಿಗೆ ಬರುವುದೆಂದಿತು. ಮನೆಯಂತೆಯೇ ಗದ್ದೆಯ ಗೇಣಿಯೂ ಈ ನಡುವಣ ಪ್ರದೇಶದ್ದು. ೧೯೫೫ರ ಅಸ್ಪೃಶ್ಯತಾ ನಿವಾರಣೆಯ ಶಾಸನವು ಮನೆ, ಭೂಮಿಗಳನ್ನು ಬಾಡಿಗೆಗೆ ಕೊಡಲೊಲ್ಲದಿರುವುದನ್ನು ಬಹಿಷ್ಕಾರದ ಲಕ್ಷಣಗಳಲ್ಲಿ ಎಣಿಸಿದೆಯಾದರೂ, ಹಕ್ಕನ್ನು ಚಲಾಯಿಸಿದವನ ಮೇಲಿನ ಹಗೆಯಿಂದ ಹಾಗೆ ಮಾಡಿದಾಗ ಅದು ಅಪರಾಧವೆಂದಿತು. ಚೋಮನು ಚಲಾಯಿಸಿದ ಹಕ್ಕಾದರೂ ಯಾವುದು? ಅವನು ಕೇಳಿದನಷ್ಟೆ.

ಇಂತಹ ನಿರಾಕರಣವು ಒಬ್ಬನ ಬಾಳಿನೊಡನೆ ಮುಗಿಯುವುದಿಲ್ಲ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಕರ್ನಾಟಕದಲ್ಲಿ ಗೇಣಿಯ ಭೂಮಿಯನ್ನು ಸರ್ಕಾರದ ವಶಕ್ಕೆ ತಂದು, ಉಳುವ ಗೇಣಿದಾರರಿಗೆ ಅಧಿಭೋಗದ ಹಕ್ಕನ್ನು ಕೊಟ್ಟಿತು. ಚೋಮನ ನಾಡಾದ ದಕ್ಷಿಣ ಕನ್ನಡದಲ್ಲಿಯೂ ಅನೇಕರು ಇದರಿಂದ ಭೂಮಾಲೀಕರಾದರು. ಆದರೆ ಗೇಣಿದಾರನಾಗಲು ಮೊದಲು ಗೇಣಿಯು ದೊರೆತಿರಬೇಕು. ಜಾತಿಯ ಕಾರಣದಿಂದ ಅದು ಯಾರಿಗೆ ದೊರೆಯಲಿಲ್ಲವೋ ಅವರ ಮಕ್ಕಳಿಗೆ ಈ ದಾರಿಯಿಂದ ಭೂಮಿಯು ಬರಲಿಲ್ಲ. ಒಡೆಯನೊಬ್ಬನ ಅಂಗಳದಲ್ಲಿ ನಡೆದ ಖಾಸಗಿ ನಿರಾಕರಣವು ದಶಕಗಳ ಅನಂತರದ ಸಾರ್ವಜನಿಕ ನ್ಯಾಯದ ಹಂಚಿಕೆಯನ್ನೂ ನಿರ್ಣಯಿಸಿದಂತಾಯಿತು.

ಖಾಸಗಿ ವ್ಯವಹಾರದಲ್ಲಿನ ಭೇದವು ಖಾಸಗಿಯಾಗಿಯೇ ಉಳಿಯುವುದೆಂಬ ನಂಬಿಕೆಯನ್ನು ‘ಚೋಮನ ದುಡಿ’ಯು ಹೀಗೆ ಸುಳ್ಳಾಗಿಸುವುದು. ಮುಚ್ಚಿದ ಗುಡಿಸಲಿನೊಳಗಿನ ಕೊನೆಯ ದುಡಿಯ ಸದ್ದನ್ನು ವಿಧಿಯ ಕರೆಯೆಂದು ಪಾಠ ಹೇಳುವುದಕ್ಕಿಂತ, ಕೊಡಬಹುದಾಗಿದ್ದ ಗದ್ದೆಯೊಂದನ್ನು ಕೊಡದೆಹೋದುದರ ಫಲವೆಂದು ಹೇಳುವುದು ಕೃತಿಗೆ ಹೆಚ್ಚು ನಿಷ್ಠವಾದ ವಿಮರ್ಶೆಯೆನಿಸುವುದು.