ಎರಡನೇ ಡಿಸ್ಕಿನ ಮೆಮೆಂಟೊ

ಆನ್‌ಸೈಟ್ ಮುಗಿಸಿ ಅಮೆರಿಕದಿಂದ ವಾಪಸ್ ಬರೋ ಗೆಳೆಯರಿಗೆ ಎಲ್ಲರೂ ಚಾಕಲೇಟು, ಸೆಂಟು ತರೋಕೆ ಹೇಳ್ತಾರೆ. ನಾನು ಹೇಳಿ ತರಿಸಿಕೊಂಡಿದ್ದು ಒಂದು ಹುಚ್ಚಾಸ್ಪತ್ರೆ ಫೈಲು. ಹೊರಗಿಂದ ನೋಡಿದ್ರೆ ಯಾವುದೋ ರೋಗಿಯ ಕೇಸ್ ಫೈಲೇ. ಒಳಗೆ ಡಾಕ್ಟರುಗಳು ಗೀಚಿದ ಟಿಪ್ಪಣಿ, ರೋಗಿ ತಾನೇ ಬರೆದುಕೊಂಡ ಚೀಟಿಗಳ ಅಚ್ಚು, ಮಧ್ಯೆ ಎರಡು ಡಿಸ್ಕು. ರೋಗಿಯ ಹೆಸರು ಲೆನಾರ್ಡ್ ಶೆಲ್ಬಿ. ಸಿನಿಮಾ ಕ್ರಿಸ್ಟೋಫರ್ ನೋಲನ್‌ನ 'ಮೆಮೆಂಟೊ'. ಮೇ 2002ರಲ್ಲಿ ಅಮೆರಿಕದಲ್ಲಿ ಬಂದ ಲಿಮಿಟೆಡ್ ಎಡಿಷನ್ ಡಿವಿಡಿ ಇದು. ನಾನು ಬರೀತಿರೋದು ಸಿನಿಮಾಕ್ಕಿಂತ ಹೆಚ್ಚಾಗಿ ಈ ಡಿವಿಡಿ ಬಗ್ಗೆ. ಆದರೆ ಕಥೆ ಮುಚ್ಚಿಟ್ಟು ಬರೆಯೋಕೆ ಆಗಲ್ಲ. ಸಿನಿಮಾ ನೋಡದೇ ಇರೋರು ಪುಟ ಮಡಚಿಟ್ಟು, ನೋಡಿಕೊಂಡು ಬನ್ನಿ. ಬರೀ 113 ನಿಮಿಷ.

ಮೊದಲ ಸಲ ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಯಾರೋ ತಂದ ಎರಡು ಸಿಡಿಯ ಕಳ್ಳ ಕಾಪಿ. ಶುರುವಾಗಿ ಹತ್ತು ನಿಮಿಷಕ್ಕೆ ಹಿಂದಿಂದ ಒಬ್ಬ ಕೂಗಿದ: "ಲೋ, ಎರಡನೇ ಸಿಡಿ ಮೊದಲು ಹಾಕಿದೀಯ ಕಣೋ!" ಹಾಕಿದವನು ಪಾಪ ತೆಗೆದು ಇನ್ನೊಂದು ಹಾಕಿದ. ಅದೂ ಅರ್ಥ ಆಗಲಿಲ್ಲ. ಮತ್ತೆ ಮೊದಲನೆಯದು. ಅವತ್ತು ನಾವು ನೋಡಿದ ಸಿನಿಮಾವನ್ನ ನೋಲನ್ ಕೂಡ ನೋಡಿರಲಿಕ್ಕಿಲ್ಲ.

ಕಥೆ ಗೊತ್ತಿರೋದೇ. ಲೆನಾರ್ಡ್ (ಗೈ ಪಿಯರ್ಸ್) ಇನ್ಷೂರೆನ್ಸ್ ಕಂಪನಿಯಲ್ಲಿ ಕ್ಲೇಮು ಪರೀಕ್ಷಿಸುತ್ತಿದ್ದವನು. ಮನೆಗೆ ನುಗ್ಗಿದವರು ಹೆಂಡತಿ ಮೇಲೆ ಎರಗಿದ್ದಾರೆ, ಇವನ ತಲೆಗೆ ಪೆಟ್ಟು ಬಿದ್ದಿದೆ. ಅಂದಿನಿಂದ ಹೊಸ ನೆನಪು ಉಳಿಯಲ್ಲ. ಪೊಲರಾಯ್ಡ್ ಫೋಟೊ, ಚೀಟಿ, ಮೈಮೇಲಿನ ಹಚ್ಚೆ ನಂಬಿಕೊಂಡು 'ಜಾನ್ ಜಿ' ಅನ್ನೋ ಕೊಲೆಗಾರನನ್ನ ಹುಡುಕ್ತಾನೆ. ಬಣ್ಣದ ದೃಶ್ಯಗಳು ಹಿಂದಕ್ಕೆ ಹೋಗ್ತವೆ, ಕಪ್ಪು-ಬಿಳುಪಿನವು ಮುಂದಕ್ಕೆ ಬರ್ತವೆ, ಎರಡೂ ಕೊನೆಗೆ ಒಂದು ಪೊಲರಾಯ್ಡ್ ಮೂಡುವ ಜಾಗದಲ್ಲಿ ಸೇರ್ತವೆ.

ನಮ್ಮವರಿಗೆ ಇದು 'ಘಜಿನಿ'ಯಾಗಿ ಪರಿಚಯ. ಮುರುಗದಾಸ್ 2005ರಲ್ಲಿ ತಮಿಳಿನಲ್ಲಿ ಸೂರ್ಯನ ಜೊತೆ, 2008ರಲ್ಲಿ ಹಿಂದಿಯಲ್ಲಿ ಆಮಿರ್ ಜೊತೆ ಮಾಡಿದರು. ಹಚ್ಚೆ ತಗೊಂಡರು, ಪೊಲರಾಯ್ಡ್ ತಗೊಂಡರು, ಮರೆವು ತಗೊಂಡರು. ಅನುಮಾನ ಒಂದನ್ನ ಅಲ್ಲೇ ಬಿಟ್ಟು ಬಂದರು. ಅಲ್ಲಿ ವಿಲನ್ ನಿಜವಾಗಿಯೂ ವಿಲನ್ನೇ. ನಮ್ಮೂರ ಕಡೆ ಟಾಕೀಸಲ್ಲಿ ಕೊನೇ ಫೈಟಿಗೆ ನಾನೂ ಶಿಳ್ಳೆ ಹೊಡೆದಿದ್ದೀನಿ, ಅದರಲ್ಲೇನೂ ನಾಚಿಕೆ ಇಲ್ಲ. ಮೆಮೆಂಟೊಗೆ ಶಿಳ್ಳೆ ಹೊಡೆಯೋಕೆ ಜಾಗವೇ ಸಿಗಲ್ಲ.

ಈಗ ಡಿಸ್ಕಿಗೆ ಬರೋಣ. ಇದರಲ್ಲಿ 'ಪ್ಲೇ' ಅಂತ ಬಟನ್ ಇಲ್ಲ. ಮೆನು ಪೂರ್ತಿ ಮಾನಸಿಕ ರೋಗಿಗೆ ಕೊಡೋ ಪರೀಕ್ಷೆ ಥರ. ಪದಗಳ ರಾಶಿ ಬರುತ್ತೆ, ಅದರಲ್ಲಿ ಸರಿಯಾದ್ದನ್ನ ಒತ್ತಬೇಕು. ಚಿತ್ರ ಬರುತ್ತೆ, ಪ್ರಶ್ನೆ ಬರುತ್ತೆ. ಸುಳಿವು ಬೇಕಾದ್ರೆ ಫೈಲಿನ ಮೇಲೆ ಲೆನಾರ್ಡ್ ಬರೆದ ಚೀಟಿ ಓದಬೇಕು. ಮೊದಲ ಸಲ ನನಗೆ ಖುಷಿಯೋ ಖುಷಿ. ನನ್ನ ಹೆಂಡತಿ ಐದು ನಿಮಿಷ ರಿಮೋಟ್ ಒತ್ತಿ ಒತ್ತಿ, "ಸಿನಿಮಾ ನೋಡೋಕೂ ಸಿಇಟಿ ಬರೀಬೇಕಾ?" ಅಂತ ಅಡುಗೆಮನೆಗೆ ಹೋದಳು. ಆ ಮಾತೂ ಸರಿಯೇ. ಯೂಸರ್ ಇಂಟರ್‌ಫೇಸ್ ಅಂತ ನೋಡಿದ್ರೆ ಇದು ದರಿದ್ರ. ನಮ್ಮ ಟೀಮಲ್ಲಿ ಯಾರಾದರೂ ಇಂಥ ಸ್ಕ್ರೀನ್ ಮಾಡಿ ತಂದಿದ್ರೆ ಟೆಸ್ಟಿಂಗಿನವರು ಬಗ್ ಹಾಕಿ ಹಾಕಿ ಸಾಯಿಸ್ತಿದ್ರು. 2004ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೂರು ಡಿಸ್ಕಿನ ಆವೃತ್ತಿ ಪರೀಕ್ಷೆ ಬಿಟ್ಟು, ಮೆನುವನ್ನ ಮೈಮೇಲಿನ ಹಚ್ಚೆ ಥರ ಮಾಡಿ ಕೊಂಚ ಸಲೀಸು ಮಾಡಿತು. ಜೊತೆಗೆ ಇದು ರೀಜನ್ 1 ಡಿಸ್ಕು, ನಮ್ಮ ದೇಶದ್ದು ರೀಜನ್ 5. ಲ್ಯಾಪ್‌ಟಾಪ್ ಡ್ರೈವಿನಲ್ಲಿ ರೀಜನ್ ಬದಲಾಯಿಸೋಕೆ ಐದೇ ಸಲ ಅವಕಾಶ. ಅದರಲ್ಲಿ ಒಂದನ್ನ ಇದಕ್ಕೆ ಅಂತಲೇ ಖರ್ಚು ಮಾಡಿದೆ.

ಅಸಲಿ ಸಂಗತಿ ಇರೋದು ಎರಡನೇ ಡಿಸ್ಕಿನಲ್ಲಿ. ಅಲ್ಲಿ ಗಡಿಯಾರದ ಚಿತ್ರ ಒತ್ತಬೇಕು. ಸಾಲಾಗಿ ಪ್ರಶ್ನೆಗಳು ಬರ್ತವೆ, ಎಲ್ಲದಕ್ಕೂ 'ಸಿ' ಅಂತ ಉತ್ತರ ಕೊಡಬೇಕು. ಆಮೇಲೆ ಒಬ್ಬ ಹೆಂಗಸು ಕಾರಿನ ಟೈರ್ ಬದಲಾಯಿಸ್ತಿರೋ ನಾಲ್ಕು ಚಿತ್ರ. ಅವನ್ನ ಹಿಂದುಮುಂದಾಗಿ ಜೋಡಿಸಬೇಕು, ಕೆಲಸ ಮುಗಿದಿದ್ದು ಮೊದಲು, ಶುರುವಾಗಿದ್ದು ಕೊನೆಗೆ. ಜೋಡಿಸಿದ್ರೆ ಇಡೀ ಸಿನಿಮಾ ಕಾಲಕ್ರಮದಲ್ಲಿ, ಅಂದ್ರೆ ನಡೆದ ಹಾಗೇ, ಶುರುವಿಂದ ಕೊನೇವರೆಗೆ ಓಡುತ್ತೆ. ಉಲ್ಟಾ ಜೋಡಿಸಿದವನಿಗೆ ಸುಲ್ಟಾ ಸಿನಿಮಾ!

ಇದನ್ನ ಸುಮ್ಮನೆ ಒಂದು ಆಟ ಅಂದುಕೊಂಡು ನೋಡೋಕೆ ಕೂತಿದ್ದೆ. ಕೊನೇ ಟೈಟಲ್‌ಗಳು ಹಿಮ್ಮುಖವಾಗಿ ಓಡಿ ಸಿನಿಮಾ ಶುರುವಾಗುತ್ತೆ. ಕಪ್ಪು-ಬಿಳುಪು ಭಾಗ ಪೂರ್ತಿ ಒಂದೇ ಸಮನೆ ಬರುತ್ತೆ. ಲೆನಾರ್ಡ್ ಮೋಟೆಲ್ ರೂಮಲ್ಲಿ ಕೂತು ಫೋನಿನಲ್ಲಿ ಸ್ಯಾಮಿ ಜ್ಯಾಂಕಿಸ್ ಕಥೆ ಹೇಳ್ತಾನೆ, ಹೇಳ್ತಾನೆ, ಹೇಳ್ತಾನೇ ಇರ್ತಾನೆ. ಥ್ರಿಲ್ಲರ್ ಅಂತ ನೋಡಿದ್ರೆ ಇಲ್ಲೇ ಗಾಳಿ ಹೋಯ್ತು. ಮೂಲದಲ್ಲಿ ಈ ತುಂಡುಗಳು ಬಣ್ಣದ ದೃಶ್ಯಗಳ ಮಧ್ಯೆ ಉಸಿರಾಡೋ ಜಾಗ. ಡೋಡಿ ಡಾರ್ನ್‌ಗೆ ಎಡಿಟಿಂಗಿಗೆ ಆಸ್ಕರ್ ನಾಮಿನೇಷನ್ ಯಾಕೆ ಸಿಕ್ಕಿತು ಅನ್ನೋದು, ಆಕೆಯ ಕೆಲಸವನ್ನ ಬಿಚ್ಚಿ ಹಾಕಿದ ಈ ಆವೃತ್ತಿ ನೋಡಿದಾಗಲೇ ನನಗೆ ತಿಳಿದಿದ್ದು.

ತಮಾಷೆಯೂ ಹೋಗುತ್ತೆ. ಲೆನಾರ್ಡ್ ಬಾತ್‌ರೂಮಲ್ಲಿ ಕೂತು ಕೈಯಲ್ಲಿರೋ ಬಾಟಲಿ ನೋಡಿ, ಕುಡಿದ ಹಾಗೆ ಅನ್ನಿಸ್ತಿಲ್ಲವಲ್ಲ ಅಂದುಕೊಳ್ಳುವ ದೃಶ್ಯ ಇದೆ. ಮೂಲದಲ್ಲಿ ನಮಗೂ ಗೊತ್ತಿಲ್ಲ, ನಗು ಉಕ್ಕಿ ಬರುತ್ತೆ. ಇಲ್ಲಿ ಅವನು ಬಾಟಲಿ ಎತ್ತಿಕೊಂಡಿದ್ದು ಒಬ್ಬನಿಗೆ ಹೊಡೆಯೋಕೆ ಅಂತ ಮೊದಲೇ ನೋಡಿರ್ತೀವಿ. ನಗು ಬರುತ್ತೆ, ಆದರೆ ಅವನ ಜೊತೆ ನಗ್ತಿಲ್ಲ, ಅವನನ್ನ ನೋಡಿ ನಗ್ತಿದ್ದೀವಿ. ಸ್ವಲ್ಪ ಕಸಿವಿಸಿ.

ಆದರೆ ನನ್ನನ್ನ ಹಿಡಿದು ಕೂರಿಸಿದ್ದು ನಟಾಲಿ. ಮೂಲ ಸಿನಿಮಾದಲ್ಲಿ ಆಕೆ (ಕ್ಯಾರಿ-ಆ್ಯನ್ ಮಾಸ್) ಮೊದಲು ಕಾಣೋದು ಮುಖಕ್ಕೆ ಗಾಯವಾದ, ಲೆನಾರ್ಡ್‌ಗೆ ಸಹಾಯ ಮಾಡೋ ಪಾಪದ ಹೆಂಗಸಾಗಿ. ಆಮೇಲೆ ಗೊತ್ತಾಗುತ್ತೆ: ಮನೆಯಲ್ಲಿರೋ ಪೆನ್ನುಗಳನ್ನೆಲ್ಲ ಎತ್ತಿಟ್ಟು, ಬಾಯಿಗೆ ಬಂದ ಹಾಗೆ ಬೈದು ಕೆರಳಿಸಿ, ಅವನ ಕೈಲೇ ಹೊಡೆಸಿಕೊಂಡು, ಅವನು ಮರೆಯೋವರೆಗೆ ಹೊರಗೆ ಕಾರಲ್ಲಿ ಕಾದು, ವಾಪಸ್ ಬಂದು ಇನ್ನೊಬ್ಬ ಹೊಡೆದ ಅಂದಳು ಅಂತ. ಎಂಥ ಹೆಂಗಸಪ್ಪ ಇವಳು ಅನ್ನಿಸುತ್ತೆ. ಎರಡನೇ ಡಿಸ್ಕಿನಲ್ಲಿ ಇದಕ್ಕೂ ಮುಂಚಿನದು ಮುಂಚೆಯೇ ಬರುತ್ತೆ. ಆಕೆಯ ಪ್ರಿಯಕರ ಜಿಮ್ಮಿಯನ್ನ ಲೆನಾರ್ಡ್ ಕೊಂದಿದ್ದಾನೆ. ಅವನ ಕೋಟು ಹಾಕಿಕೊಂಡು, ಅವನ ಜಾಗ್ವಾರ್ ಓಡಿಸಿಕೊಂಡು ಬಾರಿನ ಮುಂದೆ ಬಂದು ನಿಲ್ತಾನೆ. ಆಕೆ ಜಿಮ್ಮಿ ಬಂದ ಅಂತ ಕಿಟಕಿಗೆ ಬಗ್ಗಿ ನೋಡ್ತಾಳೆ. ಅಲ್ಲಿ ಇವನು. ಇಷ್ಟು ನೋಡಿದ ಮೇಲೆ ಪೆನ್ನು ಬಚ್ಚಿಟ್ಟವಳ ಮೇಲೆ ಸಿಟ್ಟು ಬರಲಿ ನೋಡೋಣ! ಅದೇ ಹೆಂಗಸು, ಅದೇ ಕೆಲಸ. ದೃಶ್ಯ ಯಾವುದರ ಹಿಂದೆ ಬಂತು ಅನ್ನೋದಷ್ಟೇ ಬೇರೆ.

ಆಫೀಸಲ್ಲಿ ರಾತ್ರಿ ಸರ್ವರ್ ಬಿದ್ದಾಗ ನಾವು ಮಾಡೋದೂ ಇದನ್ನೇ. ಲಾಗ್ ಫೈಲನ್ನ ಯಾರೂ ಮೇಲಿಂದ ಓದಲ್ಲ. ಕೊನೇ ಸಾಲಿನ ಎರರ್ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತಾ ಹೋಗ್ತೀವಿ. ಯಾವ ಸಾಲಿಗೆ ಸ್ಕ್ರೋಲ್ ಮಾಡೋದು ನಿಲ್ಲಿಸಿದೆವೋ ಆ ಸಾಲಿನ ಟೀಮೇ ಅಪರಾಧಿ. ನೆಟ್‌ವರ್ಕಿನವರು ಇನ್ನೂ ನಾಲ್ಕು ಸಾಲು ಮೇಲೆ ಹೋಗಿ ಅಂತಾರೆ, ಡೇಟಾಬೇಸಿನವರು ಅಷ್ಟು ಮೇಲೆಲ್ಲ ಯಾಕೆ ಅಂತಾರೆ.

ಊರಲ್ಲಿ ನಮಗೂ ನಮ್ಮ ದಾಯಾದಿಗಳಿಗೂ ಮಾತಿಲ್ಲ, ನಾನು ಹುಟ್ಟೋಕೆ ಮುಂಚಿನಿಂದ. ನಮ್ಮನೇಲಿ ಈ ಕಥೆ ಶುರುವಾಗೋದು ಒಂದು ಬೆಳಗಿನ ಜಾವ ಅವರು ಬಾಂದುಕಲ್ಲು ಕಿತ್ತು ಎರಡು ಮಾರು ಈಚೆ ನೆಟ್ಟಲ್ಲಿಂದ. ಆಮೇಲೆ ನಮ್ಮ ತಾತ ಅವರ ಎತ್ತುಗಳನ್ನ ದೊಡ್ಡಿಗೆ ಹೊಡೆದಿದ್ದು, ನಮ್ಮ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿದ್ದು, ಕೋರ್ಟು, ವಾಯಿದೆ. ಚಿಕ್ಕಂದಿನಲ್ಲಿ ಇದನ್ನ ರಾಮಾಯಣದ ಹಾಗೆ ಕೇಳಿದ್ದೀನಿ. ನಾಲ್ಕು ವರ್ಷದ ಕೆಳಗೆ ಬೆಂಗಳೂರಲ್ಲಿ ಒಂದು ಮದುವೆ ಊಟದಲ್ಲಿ ಆ ಮನೆಯ ಹುಡುಗ ಪಕ್ಕದ ಎಲೆಗೆ ಬಂದು ಕೂತ. ನನ್ನದೇ ವಯಸ್ಸು, ನನ್ನ ಹಾಗೇ ಕೋಡ್ ಬರೆದು ಬದುಕೋನು. ಹೋಳಿಗೆ ಬರೋ ಹೊತ್ತಿಗೆ ಅವನ ಮನೆ ಕಥೆ ಹೇಳಿದ. ಅವನದರಲ್ಲಿ ಬಾಂದುಕಲ್ಲು ಕಿತ್ತಿದ್ದು ಮೂರನೇ ಸೀನು. ಮೊದಲನೆಯದರಲ್ಲಿ, ಪಾಲಾದ ವರ್ಷ ಅವರ ತಾತ ಊರಲ್ಲಿಲ್ಲದಾಗ ಕಲ್ಲನ್ನ ಮೊದಲು ಆಚೆಗೆ ಸರಿಸಿದ್ದು ನಮ್ಮ ತಾತ. ಊರಿಗೆ ಹೋದಾಗ ಅಪ್ಪನನ್ನ ಕೇಳಿದೆ. ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದುಕೊಂಡು ಕೂತಿದ್ದವರು, "ಹ್ಞೂಂ, ಅದೂ ಆಗಿತ್ತು" ಅಂದ್ರು. ಅಷ್ಟೇ.

ಲೆನಾರ್ಡ್ ಇದಕ್ಕಿಂತ ಮುಂದೆ ಹೋಗ್ತಾನೆ. ಜಿಮ್ಮಿಯನ್ನ ಕೊಂದ ಮೇಲೆ ಟೆಡ್ಡಿ (ಜೋ ಪ್ಯಾಂಟೋಲಿಯಾನೊ) ಅವನಿಗೆ ಹೇಳ್ತಾನೆ: ನಿನ್ನ ಸೇಡು ಮುಗಿದು ವರ್ಷದ ಮೇಲಾಯ್ತು, ನಿಜವಾದವನನ್ನ ಆಗಲೇ ಕೊಂದಿದ್ದೀಯ, ಆ ಖುಷಿಗೆ ತೆಗೆದ ಫೋಟೊ ಇಲ್ಲಿದೆ, ನೀನೇ ಮರೆತೆ. ಲೆನಾರ್ಡ್ ಆ ಫೋಟೊ ಸುಟ್ಟು ಹಾಕ್ತಾನೆ. ಟೆಡ್ಡಿಯ ಫೋಟೊ ಹಿಂದೆ, ಇವನ ಸುಳ್ಳು ನಂಬಬೇಡ ಅಂತ ಬರೀತಾನೆ. ಟೆಡ್ಡಿಯ ಕಾರ್ ನಂಬರನ್ನ ಕೊಲೆಗಾರನ ಸುಳಿವು ಅಂತ ಗುರುತು ಹಾಕಿಕೊಂಡು ಹಚ್ಚೆ ಹಾಕಿಸೋಕೆ ಹೊರಡ್ತಾನೆ. ಎಲ್ಲಾ ಗೊತ್ತಿದ್ದೂ, ಇನ್ನು ಕೆಲವೇ ನಿಮಿಷದಲ್ಲಿ ಮರೆತುಹೋಗುತ್ತೆ ಅನ್ನೋ ಧೈರ್ಯದ ಮೇಲೆ. ಮೂಲದಲ್ಲಿ ಇದು ಕೊನೇ ದೃಶ್ಯ, ತಲೆ ಮೇಲೆ ಕಲ್ಲು ಬಿದ್ದ ಹಾಗೆ ಬೀಳುತ್ತೆ. ಕಾಲಕ್ರಮದ ಆವೃತ್ತಿಯಲ್ಲಿ ಸಿನಿಮಾ ಇನ್ನೂ ಎಷ್ಟೋ ಬಾಕಿ ಇರುವಾಗಲೇ ಇದು ಆಗಿಹೋಗುತ್ತೆ. ಆಮೇಲೆ ಉಳಿದಿದ್ದೆಲ್ಲ, ತಾನೇ ತೋಡಿದ ಗುಂಡಿ ಕಡೆಗೆ ಅವನು ನಿಷ್ಠೆಯಿಂದ ನಡೆಯೋದನ್ನ ನೋಡ್ತಾ ಕೂರೋದು. ಪ್ರತಿ ಸುಳಿವು ಸಿಕ್ಕಾಗಲೂ ಅವನ ಮುಖದಲ್ಲಿ ಬೆಳಕು, ನಮ್ಮ ಹೊಟ್ಟೆಯಲ್ಲಿ ಸಂಕಟ. ಥ್ರಿಲ್ ಒಂದು ಚೂರೂ ಇಲ್ಲ. ಕೊನೆಗೆ ಮೂಲದ ಮೊದಲ ದೃಶ್ಯ ಬರುತ್ತೆ, ನೇರವಾಗಿ. ಅಲ್ಲಿ ಮಾಸುತ್ತಾ ಹೋದ ಪೊಲರಾಯ್ಡ್ ಇಲ್ಲಿ ಮೆಲ್ಲಗೆ ಮೂಡುತ್ತೆ, ಟೆಡ್ಡಿಯ ಹೆಣ.

ಹಾಗಂತ ಕಾಲಕ್ರಮದ್ದೇ ಅಸಲಿ ಸಿನಿಮಾ ಅಂತ ವಾದಿಸೋ ಗೆಳೆಯರಿದ್ದಾರೆ, ನಾನು ಒಪ್ಪಲ್ಲ. ಮೊದಲ ಸಲಕ್ಕೆ ಇದನ್ನ ನೋಡಿದವರು ಪೆದ್ದರು. ಮೂಲ ಸಿನಿಮಾ ನಮ್ಮನ್ನ ಲೆನಾರ್ಡ್‌ನ ಪಕ್ಕ ನಿಲ್ಲಿಸಿ, ಅವನ ಸೇಡಿಗೆ ನಾವೂ ಹ್ಞೂಂಗುಟ್ಟಿದ ಮೇಲೆ ಕೈಬಿಡುತ್ತೆ. ಹ್ಞೂಂಗುಟ್ಟದೇ ಇದ್ದವನಿಗೆ ಎರಡನೇ ಡಿಸ್ಕಿನಲ್ಲಿ ಕಳೆದುಕೊಳ್ಳೋಕೆ ಏನಿರುತ್ತೆ? ನೋಲನ್ ಅದನ್ನ ನಾಲ್ಕು ಬೀಗ ಹಾಕಿ ಒಳಗಿಟ್ಟಿದ್ದು ಆಟಕ್ಕಲ್ಲ ಅಂತ ನನಗೆ ಈಗ ಅನ್ನಿಸುತ್ತೆ.

ಉಳಿದ ಸಾಮಾನುಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ತಮ್ಮ ಜೊನಾಥನ್ ನೋಲನ್‌ನ ಮೂಲ ಕಥೆ ಇದೆ, ಸನ್‌ಡ್ಯಾನ್ಸ್ ಚಾನೆಲ್ಲಿನ ಸಾಕ್ಷ್ಯಚಿತ್ರ ಇದೆ, ಒಮ್ಮೆ ನೋಡಬಹುದು. ನಿರ್ದೇಶಕರ ಕಾಮೆಂಟರಿ ಮಾತ್ರ ಬಿಡಬೇಡಿ. ಟೆಡ್ಡಿ ಸತ್ಯ ಹೇಳ್ತಿದ್ದಾನಾ ಇಲ್ವಾ ಅನ್ನೋ ಆ ಕೊನೇ ಭಾಗಕ್ಕೆ ಅದರಲ್ಲಿ ಬೇರೆ ಬೇರೆ ಮುಕ್ತಾಯಗಳಿವೆ. ಒಂದು ಸಲ ಟೆಡ್ಡಿಯನ್ನ ನಂಬಿ ಅಂತ ಕೇಳಿಸಿದ್ದು ಇನ್ನೊಂದು ಸಲ ನಂಬಬೇಡಿ ಅಂತ ಕೇಳಿಸುತ್ತೆ. ಇದು ತಿಳಿಯದೇ ನಾನೂ ಒಬ್ಬ ಸಹೋದ್ಯೋಗಿಯೂ ಕ್ಯಾಂಟೀನಲ್ಲಿ ಒಂದು ವಾರ ಕಿತ್ತಾಡಿದ್ದೀವಿ, "ಡೈರೆಕ್ಟರೇ ಹೇಳಿದಾನೆ ಗುರು!" ಅಂತ ಇಬ್ಬರೂ.

ಚಿತ್ರದ ಗುಣಮಟ್ಟಕ್ಕೆ ಬಂದರೆ ಡಿವಿಡಿ ಈಗಿನ ದೊಡ್ಡ ಟಿವಿಗೆ ಸಾಲದು. 2006ರಲ್ಲಿ ಬಂದ ಮೊದಲ ಬ್ಲೂ-ರೇ ಎಂಪೆಗ್-2ನಲ್ಲಿ, ಒಂದೇ ಲೇಯರಿನ ಡಿಸ್ಕಿನಲ್ಲಿ ಬಂತು. ಸೌಂಡು ಪಿಸಿಎಂ 5.1, ಅದೇನೋ ಸರಿ. ಆದರೆ ಕಾಮೆಂಟರಿ ಉಳಿಸಿಕೊಂಡು, ಲಿಮಿಟೆಡ್ ಎಡಿಷನ್ನಿನ ಉಳಿದ ಸಾಮಾನೆಲ್ಲ ಬಿಟ್ಟುಬಿಟ್ಟರು. ದುಡ್ಡು ಜಾಸ್ತಿ, ಸಿನಿಮಾ ಅರ್ಧ. 2011ರ ಫೆಬ್ರವರಿಯಲ್ಲಿ ಹತ್ತು ವರ್ಷದ ನೆಪದಲ್ಲಿ ಲಯನ್ಸ್‌ಗೇಟ್ ಹೊಸ ಟ್ರಾನ್ಸ್‌ಫರ್ ಮಾಡಿಸಿ ಮತ್ತೆ ಬಿಟ್ಟಿತು. ಈಗ ಮೂಲ ಸಿನಿಮಾ ನೋಡೋದಾದ್ರೆ ಅದನ್ನೇ ತಗೊಳ್ಳಿ.

ನಾನು ಎರಡನ್ನೂ ಇಟ್ಟುಕೊಂಡಿದ್ದೀನಿ. ವರ್ಷಕ್ಕೊಮ್ಮೆ ಎರಡನೇ ಡಿಸ್ಕು ಹಾಕೋಣ ಅನ್ನಿಸಿದಾಗಲೆಲ್ಲ ಟೈರಿನ ಚಿತ್ರಗಳ ಹತ್ತಿರ ಬಂದು ಸಿಕ್ಕಿಹಾಕಿಕೊಳ್ತೀನಿ. ಅದಕ್ಕೇ ಯಾವುದರ ನಂತರ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದು, ಲೆನಾರ್ಡ್‌ನ ಚೀಟಿಗಳ ಪಕ್ಕ ಫೈಲಿನೊಳಗೇ ಇಟ್ಟಿದ್ದೀನಿ.