ಮಡಿ ಕಿವಿಗಳಿಗೆ ಸಿಗದ ಮಾರ್ಕ್ ಸ್ಟ್ಯೂವರ್ಟ್

ಪ್ರಯೋಗಶೀಲ ರಾಕ್‌ನವನೊಬ್ಬ ರೆಗೇಯ ಕಡೆ ಹೊರಳಿದನೆಂದರೆ ಎರಡು ತೀರ್ಪುಗಳು ಮೊದಲೇ ಸಿದ್ಧವಿರುತ್ತವೆ. ದಣಿದಿದ್ದಾನೆ, ಜಮೈಕಾದ ಬಿಸಿಲು ಕಾಯಿಸಿಕೊಳ್ಳಲು ಹೊರಟಿದ್ದಾನೆ ಎಂಬುದು ಒಂದು. ಕಪ್ಪುಜನರ ಸೊತ್ತಿಗೆ ಕೈಹಾಕಿದ್ದಾನೆ ಎಂಬುದು ಇನ್ನೊಂದು. ಬ್ರಿಸ್ಟಲ್‌ನ ಮಾರ್ಕ್ ಸ್ಟ್ಯೂವರ್ಟ್ ಬಗ್ಗೆ ಬರೆಯುವವರೂ ಇವೆರಡರಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ. ಅವನ ತಂಡ ‘ದಿ ಪಾಪ್ ಗ್ರೂಪ್’ಗೆ ಪುಟಗಟ್ಟಲೆ ಜಾಗ, 1983ರ ಸೋಲೋ ಆಲ್ಬಮ್ ‘ಲರ್ನಿಂಗ್ ಟು ಕೋಪ್ ವಿತ್ ಕವರ್ಡಿಸ್’ಗೆ ‘ಅನಿರೀಕ್ಷಿತ ತಿರುವು’ ಎಂಬ ಒಂದು ಸಾಲು. ಯಾರಿಗೆ ಅನಿರೀಕ್ಷಿತ? ಆ ಆಲ್ಬಮ್ಮನ್ನು ಮೈಗೆ ಅಂಟಿಸಿಕೊಂಡು ಬದುಕಿದ ನನ್ನಂಥವರಿಗೆ ಈ ಸಾಲು ಓದಿದಾಗಲೆಲ್ಲ ಮೈ ಉರಿಯುತ್ತದೆ.

ಪಾಪ್ ಗ್ರೂಪ್‌ನ ಮೊದಲ ಆಲ್ಬಮ್ ‘ವೈ’ ಬಂದದ್ದು 1979ರಲ್ಲಿ. ಅದರ ನಿರ್ಮಾಪಕ ಡೆನಿಸ್ ಬೋವೆಲ್ ಬಾರ್ಬಡೋಸ್‌ನಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದ ಡಬ್ ಪಂಡಿತ; ಅದೇ ವರ್ಷ ಜಾನೆಟ್ ಕೇಯಿಂದ ‘ಸಿಲ್ಲಿ ಗೇಮ್ಸ್’ ಹಾಡಿಸಿ ಬ್ರಿಟನ್ ಪಟ್ಟಿಯ ಎರಡನೇ ಸ್ಥಾನ ಮುಟ್ಟಿಸಿದವನು. ಮೊದಲ ದಿನದಿಂದ ಮನೆಯೊಳಗೇ ಇದ್ದ ರೆಗೇಯತ್ತ ‘ತಿರುಗುವುದು’ ಹೇಗೆ? ಊರಿನ ಮಾತೂ ಇದೆ. ಗುಲಾಮರ ವ್ಯಾಪಾರದ ದುಡ್ಡಿನಲ್ಲಿ ಕೊಬ್ಬಿದ ಬಂದರು ಬ್ರಿಸ್ಟಲ್. ಬಸ್ ಕಂಪನಿ ಕಪ್ಪುಜನರನ್ನೂ ಏಷ್ಯಾದವರನ್ನೂ ಬಸ್ ಸಿಬ್ಬಂದಿಯಾಗಿ ಸೇರಿಸುವುದಿಲ್ಲ ಎಂದದ್ದಕ್ಕೆ 1963ರಲ್ಲಿ ಅಲ್ಲಿ ಬಸ್ ಬಹಿಷ್ಕಾರ ನಡೆಯಿತು. 1980ರ ಏಪ್ರಿಲ್ 2ರಂದು ಸೇಂಟ್ ಪಾಲ್ಸ್ ಬಡಾವಣೆಯ ಕೆಫೆಯೊಂದಕ್ಕೆ ಪೊಲೀಸರು ನುಗ್ಗಿದ್ದೇ ದೊಡ್ಡ ದಂಗೆಯಾಯಿತು. ಈ ಊರಿನಲ್ಲಿ ಹದಿಹರೆಯ ಕಳೆದವನಿಗೆ ರೆಗೇ ಪಕ್ಕದ ಬೀದಿಯ ಸದ್ದು. ಅದನ್ನು ಕೇಳಿಸಿಕೊಳ್ಳದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ನಿಜವಾಗಿ ಬಿಸಿಲು ಕಾಯಿಸಿಕೊಂಡವರು ಬೇರೆಯವರು. ಎರಿಕ್ ಕ್ಲಾಪ್ಟನ್ 1974ರಲ್ಲಿ ಬಾಬ್ ಮಾರ್ಲಿಯ ‘ಐ ಶಾಟ್ ದಿ ಶೆರಿಫ್’ ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನ ಗಿಟ್ಟಿಸಿದ. ಎರಡೇ ವರ್ಷಕ್ಕೆ ಬರ್ಮಿಂಗ್‌ಹ್ಯಾಮ್ ವೇದಿಕೆಯ ಮೇಲೆ ನಿಂತು ವಲಸಿಗರ ವಿರುದ್ಧ ನಾಲಗೆ ಹರಿಬಿಟ್ಟ. ಆ ಮಾತಿಗೆ ಉತ್ತರವಾಗಿ ಹುಟ್ಟಿದ್ದೇ ‘ರಾಕ್ ಅಗೇನ್ಸ್ಟ್ ರೇಸಿಸಂ’ ಚಳವಳಿ. ಅವನ ಬಗ್ಗೆ ಇಷ್ಟು ಸಾಕು. ‘ದಿ ಪೊಲೀಸ್’ ತಂಡದ್ದು ಇನ್ನೂ ನಯವಾದ ಅಪರಾಧ. ಅವರ ಹಾಡಿನಲ್ಲಿ ರೆಗೇಯ ಲಯ ಬೀಗರ ಮನೆಗೆ ಬಂದವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿರುತ್ತದೆ: ಏನನ್ನೂ ಮುಟ್ಟುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ. ಡ್ರಮ್ಸ್ ಅದ್ಭುತ ಅನ್ನುವವರಿದ್ದಾರೆ. ಇರಲಿ.

ಸ್ಟ್ಯೂವರ್ಟ್ ಜಮೈಕಾದಿಂದ ಲಯಕ್ಕಿಂತ ಹೆಚ್ಚಾಗಿ ಡಬ್ ಎಂಬ ಕಸುಬನ್ನು ಕಲಿತ. ಕಿಂಗ್‌ಸ್ಟನ್‌ನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿ ಕಂಡುಕೊಂಡ ಕಸುಬು ಅದು. ಹಾಡು ಮುಗಿದ ಮೇಲೆ ಮಿಕ್ಸಿಂಗ್ ಮೇಜಿನ ಮೇಲೆ ಅದನ್ನು ಬಿಚ್ಚುವುದು, ಗಾಯಕನನ್ನು ಹೊರಗಟ್ಟುವುದು, ಬಾಸ್ ಮತ್ತು ಡ್ರಮ್ಸ್ ಮಾತ್ರ ಉಳಿಸಿ, ಮಿಕ್ಕದ್ದನ್ನು ಎಕೋದಲ್ಲಿ ದೆವ್ವದಂತೆ ಅಲೆಯಲು ಬಿಡುವುದು. ಲಂಡನ್‌ನ ಆನ್-ಯು ಸೌಂಡ್ ಎಂಬ ಧ್ವನಿಮುದ್ರಣ ಕಂಪನಿಯಲ್ಲಿ ಏಡ್ರಿಯನ್ ಶೆರ್ವುಡ್ ಈ ವಿದ್ಯೆಗೆ ಬ್ಲೇಡಿನ ಮೊನೆ ಕೊಟ್ಟ. ಟೇಪನ್ನು ಕತ್ತರಿಸಿ ಅಂಟಿಸಿದ, ಧ್ವನಿ ಒಡೆಯುವಷ್ಟು ಮಟ್ಟ ಏರಿಸಿದ. ‘ಕವರ್ಡಿಸ್’ ಆಲ್ಬಮ್ಮಿನಲ್ಲಿ ಅಲ್ಲಿನ ಕ್ರಿಯೇಷನ್ ರೆಬೆಲ್, ಆಫ್ರಿಕನ್ ಹೆಡ್ ಚಾರ್ಜ್ ಬಳಗದ ವಾದಕರು ಭದ್ರವಾಗಿ ಕಟ್ಟಿಕೊಟ್ಟ ಲಯವನ್ನು ಸ್ಟ್ಯೂವರ್ಟ್, ಶೆರ್ವುಡ್ ಇಬ್ಬರೂ ಸೇರಿ ಕೆಡವಿದರು. ‘ಮಾರ್ಕ್ ಸ್ಟ್ಯೂವರ್ಟ್ ಮತ್ತು ಮಾಫಿಯಾ’ ಎಂದು ತಂಡಕ್ಕೆ ಹೆಸರಿಟ್ಟುಕೊಂಡರೂ ಆಲ್ಬಮ್ಮಿನಲ್ಲಿ ಅತ್ಯಂತ ಕಡಿಮೆ ಸುರಕ್ಷಿತವಾಗಿರುವುದು ಸ್ಟ್ಯೂವರ್ಟನ ದನಿಯೇ. ಮಾತು ಅರ್ಧಕ್ಕೆ ತುಂಡಾಗುತ್ತದೆ, ಕಿರುಚಾಟ ದೂರದ ಕೋಣೆಗೆ ಜಾರುತ್ತದೆ. ಸೋಲೋ ಆಲ್ಬಮ್ ಮಾಡುವವನು ತನ್ನನ್ನೇ ಅಳಿಸಿಕೊಳ್ಳಲು ಒಪ್ಪುವುದು ಎಷ್ಟು ಕಡೆ ನೋಡಸಿಗುತ್ತದೆ?

ಅವನ ದನಿಯಲ್ಲಿ ಶ್ರುತಿ? ಇಲ್ಲ. ಇದೇ ದೋಷ ‘ದಿ ಪೊಲೀಸ್’ನ ಸ್ಟಿಂಗ್‌ನದಾಗಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ. ಪಕ್ಷಪಾತವೆನ್ನಿ. ಶ್ರುತಿ ಸೇರಿದ ಕೂಡಲೇ ಸುಳ್ಳಾಗಿಬಿಡುವ ಸಿಟ್ಟೂ ಇದೆ ಎಂದು ನಾನು ನಂಬಿದ್ದೇನೆ.

ಸ್ಟ್ಯೂವರ್ಟನ ‘ಜೆರುಸಲೇಂ’ ಕೇಳಿ. ವಿಲಿಯಂ ಬ್ಲೇಕ್‌ನ ಕವಿತೆ, 1916ರಲ್ಲಿ ಹ್ಯೂಬರ್ಟ್ ಪ್ಯಾರಿ ಹಾಕಿದ ಮಟ್ಟು. ಇಂಗ್ಲೆಂಡಿನಲ್ಲಿ ಅದು ಹೆಚ್ಚುಕಡಿಮೆ ಎರಡನೇ ರಾಷ್ಟ್ರಗೀತೆ. ಪ್ರಾಮ್ಸ್ ಕಛೇರಿಗಳ ಕೊನೆಯ ರಾತ್ರಿ ಬಾವುಟ ಬೀಸುತ್ತ ಅದನ್ನು ಹಾಡುವ ಜನಕ್ಕೆ ಬ್ಲೇಕ್ ರಾಜದ್ರೋಹದ ಆರೋಪ ಹೊತ್ತು ಕಟಕಟೆ ಹತ್ತಿದ್ದ ಎಂಬ ನೆನಪಿರುವುದಿಲ್ಲ. 1982ರಲ್ಲಿ, ಫಾಕ್‌ಲ್ಯಾಂಡ್ ಯುದ್ಧ ನಡೆದ ವರ್ಷವೇ, ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿ ದುಡಿದಿದ್ದ ಸ್ಟ್ಯೂವರ್ಟ್ ಇದನ್ನು ಡಬ್ ಮೇಜಿಗೆ ತಂದ. ಕೆಳಗೆ ಬಾಸ್ ನೆಲ ಅದುರಿಸುತ್ತದೆ, ಮೇಲೆ ಬ್ಲೇಕ್‌ನ ಮಾತುಗಳು ಕೂಗಾಗಿ ಒಡೆಯುತ್ತವೆ. ಇದು ಅಣಕವಲ್ಲ. ಅಣಕವಾಗಿದ್ದರೆ ಸುಲಭವಿತ್ತು. ಕಾರ್ಖಾನೆಗಳ ಕರಾಳತನದ ಬಗ್ಗೆ ಕವಿ ಹೇಳಿದ್ದನ್ನು ಅಕ್ಷರಶಃ ನಂಬಿದವನು ಹಾಡಿದರೆ ಹೀಗಿರುತ್ತದೆ. ಫ್ರೆಂಚ್ ಗಾಯಕ ಗೇನ್ಸ್‌ಬೂರ್ ಕೂಡ 1979ರಲ್ಲಿ ಜಮೈಕಾದ ವಾದಕರಾದ ಸ್ಲೈ ಮತ್ತು ರಾಬಿಯನ್ನು ಕಟ್ಟಿಕೊಂಡು ಫ್ರೆಂಚ್ ರಾಷ್ಟ್ರಗೀತೆಯನ್ನು ರೆಗೇ ಮಾಡಿದ. ಮರುವರ್ಷ ಸ್ಟ್ರಾಸ್‌ಬರ್ಗ್‌ನಲ್ಲಿ ಮಾಜಿ ಪ್ಯಾರಾಟ್ರೂಪರ್‌ಗಳು ಅವನ ಕಛೇರಿಗೆ ಅಡ್ಡಬಂದರು. ಗದ್ದಲವಾಯಿತು, ಆಲ್ಬಮ್ಮೂ ಖರ್ಚಾಯಿತು. ಧೈರ್ಯ ಮೆಚ್ಚಬೇಕು. ಆದರೆ ಅಲ್ಲಿ ಲಯ ನುಣುಪಾಗಿದೆ, ಕಣ್ಣು ಮಿಟುಕಿಸುವ ಜಾಣತನವಿದೆ. ಸ್ಟ್ಯೂವರ್ಟನಲ್ಲಿ ಜಾಣತನವೇ ಇಲ್ಲ, ಅದಕ್ಕೇ ನನಗೆ ಅವನೇ ಬೇಕು.

ಕಳ್ಳತನದ ತೀರ್ಪು ಕೊಡುವವರ ಜೊತೆ ನನ್ನ ಜಗಳ ಇನ್ನೂ ದೊಡ್ಡದು. ಅವರಿಗೆ ಶುದ್ಧ ರೆಗೇ ಬೇಕು. ಶುದ್ಧ ಯಾವುದು? ನ್ಯೂ ಆರ್ಲಿಯನ್ಸ್‌ನ ರಿದಂ ಆ್ಯಂಡ್ ಬ್ಲೂಸ್ ಕೇಳಿದ ಜಮೈಕಾದ ಕಿವಿಗಳಲ್ಲಿ ಸ್ಕಾ ಮೊಳೆಯಿತು, ಸ್ಕಾದಿಂದ ರಾಕ್‌ಸ್ಟೆಡಿ, ಅದರಿಂದ ರೆಗೇ. ಇವರು ಒರೆಗಲ್ಲಾಗಿ ಹಿಡಿಯುವ ಮಾರ್ಲಿಯ ‘ಕ್ಯಾಚ್ ಎ ಫೈರ್’ 1973ರಲ್ಲಿ ಹೊರಬೀಳುವ ಮೊದಲು ಲಂಡನ್‌ನಲ್ಲಿ ಅಲಬಾಮದ ವೇಯ್ನ್ ಪರ್ಕಿನ್ಸ್ ಬಂದು ರಾಕ್ ಗಿಟಾರ್ ಸೇರಿಸಿ ಹೋಗಿದ್ದ. ಕಳ್ಳತನವನ್ನು ಹಿಡಿಯಬೇಕಾದ್ದು ಕರಾರುಪತ್ರಗಳಲ್ಲಿ, ಹಾಡಿನ ಹಕ್ಕು ಯಾರ ಹೆಸರಿನಲ್ಲಿದೆ, ದುಡ್ಡು ಯಾರ ಕೈಸೇರಿತು ಎಂಬಲ್ಲಿ. ಅದಕ್ಕೆ ಶ್ರಮ ಬೇಕು. ಕೂತಲ್ಲೇ ಕಿವಿಯಿಂದ ಜಾತಿ ಪತ್ತೆಹಚ್ಚುವುದಕ್ಕೆ ಶ್ರಮ ಬೇಡ, ಮಡಿಯುಟ್ಟರೆ ಸಾಕು. ನಮ್ಮಲ್ಲೂ ‘ಫ್ಯೂಷನ್’ ಎಂದರೆ ಮೂಗು ಮುಚ್ಚಿಕೊಳ್ಳುವ ಒಂದು ಪಂಗಡ, ಕಣ್ಮುಚ್ಚಿ ಚಪ್ಪಾಳೆ ತಟ್ಟುವ ಇನ್ನೊಂದು ಪಂಗಡ ಇವೆ. ಎರಡಕ್ಕೂ ಕೇಳುವ ಕೆಲಸ ತಪ್ಪುತ್ತದೆ.

1985ರ ‘ಆ್ಯಸ್ ದಿ ವೆನೀರ್ ಆಫ್ ಡೆಮಾಕ್ರಸಿ ಸ್ಟಾರ್ಟ್ಸ್ ಟು ಫೇಡ್’ನಲ್ಲಿ ರೆಗೇ ವಾದಕರ ಜಾಗಕ್ಕೆ ಷುಗರ್‌ಹಿಲ್ ಕಂಪನಿಯ ಹಿಪ್‌ಹಾಪ್ ದಾಖಲೆಗಳಿಗೆ ನುಡಿಸಿದ್ದ ವಿಂಬಿಷ್, ಮ್ಯಾಕ್‌ಡೊನಾಲ್ಡ್, ಲೆಬ್ಲಾಂಕ್ ಬಂದರು. ಸದ್ಯ, ರಜೆ ಮುಗಿಸಿ ಬಂದ ಎಂದು ಇದನ್ನು ಕೇಳುವವರಿದ್ದಾರೆ. ಯಂತ್ರದಂತೆ ಬಡಿಯುವ ಆ ಡ್ರಮ್ಸಿನ ನಡುವೆ ದನಿ ತುಂಡಾಗಿ ಎಕೋದೊಳಗೆ ಬೀಳುವ ರೀತಿ ಗಮನಿಸಿ: ಟಬ್ಬಿಯ ಕಸುಬು ಹಾಗೇ ಇದೆ, ಮೇಜಿನ ಮುಂದೆ ಕೂತಿರುವವನೂ ಶೆರ್ವುಡ್ಡೇ.